ವಯಸ್ಸು ಬರೆಯದ ಬಾಟಲಿ

‘ಎಷ್ಟು ವರ್ಷದ್ದರೀ ಇದು?’

ಗದಗ-ಬೆಟಗೇರಿಯಲ್ಲಿರಲಿ, ಲಕ್ಷ್ಮೇಶ್ವರದಲ್ಲಿರಲಿ, ಒಳ್ಳೆಯ ವಿಸ್ಕಿ ಬಾಟಲಿಯೊಂದು ಎದುರಿಗೆ ಬಂದಾಗ ಮೊದಲು ಕೇಳಿಬರುವ ಪ್ರಶ್ನೆ ಇದೇ. ದುಬೈನಿಂದ ಬಂದ ನೆಂಟರು ವಿಮಾನ ನಿಲ್ದಾಣದಲ್ಲಿ ಕೊಂಡು ತಂದ ಬಾಟಲಿಯನ್ನು ಕೈಗೆತ್ತಿಕೊಂಡವರು ಹೆಸರು ಓದುವುದಕ್ಕೂ ಮುಂಚೆ ಅದರ ಮೇಲಿನ ಅಂಕಿ ನೋಡುತ್ತಾರೆ. 12 ಇದ್ದರೆ ಒಳ್ಳೆಯದು, 15 ಇದ್ದರೆ ಇನ್ನೂ ಮೇಲು, 18 ಇದ್ದರೆ ಬಾಟಲಿ ವರ್ಷಗಟ್ಟಲೆ ಶೋಕೇಸಿನಲ್ಲೇ ಉಳಿಯುತ್ತದೆ. ಈ ಲೆಕ್ಕ ರೂಢಿಯಾದವರ ಕೈಗೆ ಬೆಂಗಳೂರಿನ ‘ಅಮೃತ್’ ಸಿಂಗಲ್ ಮಾಲ್ಟ್ ಕೊಟ್ಟು ನೋಡಿ. ಎಷ್ಟು ತಿರುಗಿಸಿದರೂ ವಯಸ್ಸು ಕಾಣುವುದಿಲ್ಲ. ಅಮೃತ್‌ನ ಬಹುಪಾಲು ಮಾಲ್ಟ್‌ಗಳ ಮೇಲೆ ಅದನ್ನು ಬರೆದಿರುವುದಿಲ್ಲ. ಏಕೆ ಬರೆದಿಲ್ಲ ಎಂದು ಹುಡುಕಲು ಹೊರಟ ಮೇಲೆಯೇ ಈ ಪಾನೀಯದಲ್ಲಿ ನನಗೆ ನಿಜವಾದ ಆಸಕ್ತಿ ಹುಟ್ಟಿದ್ದು. ಅಲ್ಲಿಯವರೆಗೆ ನಾನೂ ಅಂಕಿಯನ್ನೇ ರುಚಿ ಎಂದುಕೊಂಡಿದ್ದವನು.

ಮೊದಲು ಸಿಂಗಲ್ ಮಾಲ್ಟ್ ಎಂದರೇನು ಎಂಬುದು ಸ್ಪಷ್ಟವಾಗಲಿ. ‘ಸಿಂಗಲ್’ ಎಂದರೆ ಒಂದೇ ಪೀಪಾಯಿಯದ್ದು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ಒಂದೇ ಡಿಸ್ಟಿಲರಿಯದ್ದು ಎಂದು ಅರ್ಥ. ಸ್ಕಾಟ್ಲೆಂಡಿನ 2009ರ ವಿಸ್ಕಿ ನಿಯಮಗಳು ಇದನ್ನು ಬಿಗಿಯಾಗಿ ಹೇಳಿವೆ. ಮೊಳಕೆ ಬರಿಸಿದ ಬಾರ್ಲಿ, ನೀರು, ಯೀಸ್ಟ್ ಬಿಟ್ಟು ಬೇರೇನನ್ನೂ ಹುದುಗಿಸುವಂತಿಲ್ಲ. ಒಂದೇ ಡಿಸ್ಟಿಲರಿಯಲ್ಲಿ, ಪಾಟ್ ಸ್ಟಿಲ್ ಎಂಬ ತಾಮ್ರದ ಹಂಡೆಯಲ್ಲಿ ಕಂತು ಕಂತಾಗಿ ಭಟ್ಟಿ ಇಳಿಸಬೇಕು. 700 ಲೀಟರು ಮೀರದ ಓಕ್ ಮರದ ಪೀಪಾಯಿಗಳಲ್ಲಿ ಕನಿಷ್ಠ 3 ವರ್ಷ ಸ್ಕಾಟ್ಲೆಂಡಿನ ನೆಲದಲ್ಲೇ ಇಡಬೇಕು. ಬಾಟಲಿಗೆ ತುಂಬುವಾಗ ಆಲ್ಕೋಹಾಲ್ ಶೇ 40ಕ್ಕಿಂತ ಕಡಿಮೆ ಇರಬಾರದು. ಬಾಟಲಿಯ ಮೇಲೆ 12 ಎಂದಿದ್ದರೆ ಅದರೊಳಗೆ ಬೆರೆತ ಪೀಪಾಯಿಗಳಲ್ಲಿ ಅತಿ ಎಳೆಯದಕ್ಕೆ 12 ವರ್ಷ ಎಂದು ಲೆಕ್ಕ, ಸರಾಸರಿಯಲ್ಲ.

ನಮ್ಮ ಭಾಗದ ವೈನ್ ಶಾಪುಗಳಲ್ಲೂ ಎಂಎಸ್‌ಐಎಲ್ ಮಳಿಗೆಗಳಲ್ಲೂ ‘ವಿಸ್ಕಿ’ ಎಂದು ಮಾರಾಟವಾಗುವ ಅಗ್ಗದ ಸರಕು ಹೆಚ್ಚಾಗಿ ಬೇರೆಯೇ ವಸ್ತು. ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದಲೋ ಧಾನ್ಯದಿಂದಲೋ ತೆಗೆದ, ರುಚಿ ವಾಸನೆ ಯಾವುದೂ ಇಲ್ಲದ ಶುದ್ಧ ಸ್ಪಿರಿಟ್‌ಗೆ ಒಂದಿಷ್ಟು ಮಾಲ್ಟ್, ಬಣ್ಣ, ಪರಿಮಳ ಸೇರಿಸಿ ಅದನ್ನು ಸಿದ್ಧಪಡಿಸುತ್ತಾರೆ. ಕಾಕಂಬಿಯಿಂದ ಮಾಡಿದ್ದನ್ನು ವಿಸ್ಕಿ ಎಂದು ಯುರೋಪಿನಲ್ಲಿ ಮಾರುವಂತೆಯೇ ಇಲ್ಲ. ಅಲ್ಲಿನ ಕಾನೂನಿನ ಪ್ರಕಾರ ವಿಸ್ಕಿ ಧಾನ್ಯದಿಂದಲೇ ಆಗಬೇಕು, ಕನಿಷ್ಠ 3 ವರ್ಷ ಪೀಪಾಯಿಯಲ್ಲಿರಬೇಕು. ಇಂಥ ಹೆಸರು ಹೊತ್ತ ದೇಶದಿಂದ ಹೋಗಿ, ಸ್ಕಾಟ್ಲೆಂಡಿನಲ್ಲೇ ಸಿಂಗಲ್ ಮಾಲ್ಟ್ ಮಾರುತ್ತೇವೆ ಎಂದು ಹೊರಡಲು ಎಷ್ಟು ಧೈರ್ಯ ಬೇಕಿತ್ತು!

ಆ ಧೈರ್ಯ ತೋರಿದ್ದು ಬೆಂಗಳೂರಿನ ಜಗದಾಳೆ ಕುಟುಂಬ. ಜೆ.ಎನ್. ರಾಧಾಕೃಷ್ಣ ರಾವ್ ಜಗದಾಳೆ 1948ರಲ್ಲಿ ಅಮೃತ್ ಡಿಸ್ಟಿಲರೀಸ್ ಆರಂಭಿಸಿದರು. ಮೊದಲ ದಶಕಗಳಲ್ಲಿ ಅದರ ಬದುಕು ಬ್ರಾಂದಿ, ರಮ್ಮುಗಳದ್ದು. ಸೇನೆಯ ಕ್ಯಾಂಟೀನುಗಳಿಗೂ ಅದರ ಸರಕು ಹೋಗುತ್ತಿತ್ತು. 1976ರಲ್ಲಿ ತಂದೆ ತೀರಿಕೊಂಡ ಮೇಲೆ ನೀಲಕಂಠ ರಾವ್ ಜಗದಾಳೆ ಹೊಣೆ ಹೊತ್ತರು. ಎಂಬತ್ತರ ದಶಕದಲ್ಲಿ ಅವರು ಬಾರ್ಲಿಯಿಂದ ಮಾಲ್ಟ್ ವಿಸ್ಕಿ ಇಳಿಸತೊಡಗಿದ್ದು ತಮ್ಮ ಮಿಶ್ರ ವಿಸ್ಕಿಗೆ ಬೆರೆಸುವುದಕ್ಕಾಗಿ ಮಾತ್ರ. ಮೈಸೂರು ರಸ್ತೆಯ ಕಂಬೀಪುರದ ಡಿಸ್ಟಿಲರಿಯಲ್ಲಿ ಪೀಪಾಯಿಗಳು ಸುಮ್ಮನೆ ಕಾಯುತ್ತಿದ್ದವು. ಅವುಗಳಲ್ಲಿದ್ದುದು ಸಿಂಗಲ್ ಮಾಲ್ಟ್ ಆಗಬಲ್ಲದು ಎಂಬ ಯೋಚನೆ ಬಂದಾಗ ನೀಲಕಂಠ ಅವರ ಮಗ ರಕ್ಷಿತ್ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಎಂಬಿಎ ಓದುತ್ತಿದ್ದರು. ಬ್ರಿಟನ್ನಿನ ಭಾರತೀಯ ರೆಸ್ಟೋರೆಂಟುಗಳಲ್ಲಿ ಭಾರತದ ಸಿಂಗಲ್ ಮಾಲ್ಟ್ ಮಾರಬಹುದೇ ಎಂಬುದೇ ಅವರ ಅಧ್ಯಯನದ ವಿಷಯವಾಯಿತು.

2004ರ ಆಗಸ್ಟ್ 24ರಂದು ಗ್ಲಾಸ್ಗೋ ನಗರದ ಕೆಫೆ ಇಂಡಿಯಾ ಎಂಬ ರೆಸ್ಟೋರೆಂಟಿನಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆಯಾಯಿತು. ಆರಂಭದ ವರ್ಷಗಳು ಸುಲಭವಾಗಿರಲಿಲ್ಲ. ರೆಸ್ಟೋರೆಂಟಿಗೆ ಬಂದವರು ಊಟದ ಜೊತೆ ಬಿಯರ್ ಕೇಳುತ್ತಿದ್ದರೇ ಹೊರತು ಮಾಲ್ಟ್ ಕೇಳಲಿಲ್ಲ. ಕಂಪನಿ ದಾರಿ ಬದಲಿಸಿ, ವಿಸ್ಕಿಯನ್ನೇ ಪ್ರೀತಿಸುವ ಅಂಗಡಿಗಳನ್ನೂ ಕೂಟಗಳನ್ನೂ ಯುರೋಪಿನುದ್ದಕ್ಕೂ ಹುಡುಕಿಕೊಂಡು ಹೋಯಿತು. ಆ ದಿನಗಳಲ್ಲಿ ಮಾದರಿ ಬಾಟಲಿ ಹಿಡಿದು ಊರೂರು ಅಲೆದ ಅಶೋಕ್ ಚೊಕ್ಕಲಿಂಗಂ ಮುಂದೆ ಇದೇ ಕಂಪನಿಯ ಮಾಸ್ಟರ್ ಡಿಸ್ಟಿಲರ್ ಆದರು. 2009ರಲ್ಲಿ ‘ಫ್ಯೂಷನ್’ ಬಂತು. ಅದರಲ್ಲಿ ಮುಕ್ಕಾಲು ಪಾಲು ಭಾರತದ ಬಾರ್ಲಿ, ಕಾಲು ಪಾಲು ಸ್ಕಾಟ್ಲೆಂಡಿನಿಂದ ತರಿಸಿದ, ಪೀಟ್ ಎಂಬ ಜೌಗು ಮಣ್ಣಿನ ಹೊಗೆಯಲ್ಲಿ ಒಣಗಿಸಿದ ಬಾರ್ಲಿ. ಬ್ರಿಟನ್ನಿನ ವಿಮರ್ಶಕ ಜಿಮ್ ಮರ‍್ರೇ ತಮ್ಮ 2010ರ ‘ವಿಸ್ಕಿ ಬೈಬಲ್’ನಲ್ಲಿ ಅದಕ್ಕೆ 100ಕ್ಕೆ 97 ಅಂಕ ಕೊಟ್ಟು ಜಗತ್ತಿನ ಮೂರನೆಯ ಶ್ರೇಷ್ಠ ವಿಸ್ಕಿ ಎಂದರು. ಗಮನಿಸಬೇಕಾದ್ದೆಂದರೆ ಅಲ್ಲಿಯವರೆಗೂ ಅಮೃತ್ ಸಿಂಗಲ್ ಮಾಲ್ಟ್ ತನ್ನ ಊರಿನಲ್ಲೇ ಸಿಗುತ್ತಿರಲಿಲ್ಲ. ಬೆಂಗಳೂರಿನ ಮಾರುಕಟ್ಟೆಗೆ ಅದು ಬಂದದ್ದು 2010ರಲ್ಲಿ.

ಇದೇ ಕಾಲದಲ್ಲಿ ಅದೇ ಬೆಂಗಳೂರಿನ ಇನ್ನೊಂದು ದೊಡ್ಡ ಕಂಪನಿ ಬೇರೆ ದಾರಿ ಹಿಡಿದಿತ್ತು. ವಿಜಯ್ ಮಲ್ಯ ಅವರ ಯುಬಿ ಸಮೂಹ 2007ರಲ್ಲಿ ಸ್ಕಾಟ್ಲೆಂಡಿನ ವೈಟ್ ಅಂಡ್ ಮೆಕೈ ಕಂಪನಿಯನ್ನೇ 59.5 ಕೋಟಿ ಪೌಂಡ್ ಕೊಟ್ಟು ಕೊಂಡಿತು. ಡಾಲ್ಮೋರ್‌ನಂಥ ಹೆಸರಾಂತ ಮಾಲ್ಟ್ ಅದರೊಂದಿಗೇ ಬಂತು. 2014ರಲ್ಲಿ ಅದು ಫಿಲಿಪ್ಪೀನ್ಸ್‌ನ ಕಂಪನಿಯೊಂದರ ಪಾಲಾಯಿತು. ಕೊಂಡ ಕೀರ್ತಿ ಕೈಬಿಟ್ಟಿತು, ಕಂಬೀಪುರದಲ್ಲಿ ಮಾಡಿದ್ದು ಉಳಿಯಿತು.

ಈಗ ವಯಸ್ಸಿನ ವಿಷಯಕ್ಕೆ ಬರೋಣ.

ಓಕ್ ಪೀಪಾಯಿ ಗಾಳಿಯಾಡುವ ವಸ್ತು. ಒಳಗಿನ ದ್ರವ ವರ್ಷವಿಡೀ ಮರದ ಮೂಲಕ ಆವಿಯಾಗುತ್ತಲೇ ಇರುತ್ತದೆ. ಸ್ಕಾಟ್ಲೆಂಡಿನವರು ಹೀಗೆ ಹೋಗುವುದನ್ನು ‘ದೇವತೆಗಳ ಪಾಲು’ ಎಂದು ಕರೆಯುತ್ತಾರೆ. ಅಲ್ಲಿನ ತಂಪು, ತೇವದ ಉಗ್ರಾಣಗಳಲ್ಲಿ ದೇವತೆಗಳು ವರ್ಷಕ್ಕೆ ಒಯ್ಯುವುದು ಶೇ 2ರಷ್ಟು. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದ ಬೆಂಗಳೂರಿನಲ್ಲಿ ಶೇ 10ರಿಂದ 12. ಈ ಎರಡು ಅಂಕಿಗಳ ನಡುವಿನ ಅಂತರ ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ, ಪೀಪಾಯಿಯಲ್ಲಿ ಹಾಗಲ್ಲ. 200 ಲೀಟರು ತುಂಬಿ ಹತ್ತು ವರ್ಷ ಬಿಟ್ಟರೆ ಸ್ಕಾಟ್ಲೆಂಡಿನಲ್ಲಿ 163 ಲೀಟರಿನಷ್ಟು ಉಳಿಯುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಶೇ 11 ಎಂದು ಹಿಡಿದರೂ ಉಳಿಯುವುದು 62 ಲೀಟರು. ಅಮೃತ್ 2013ರಲ್ಲಿ ಎಂಟು ವರ್ಷದ ಮಾಲ್ಟ್ ಒಂದನ್ನು ಹೊರತಂದಾಗ ಅದಕ್ಕೆ ‘ಗ್ರೀಡಿ ಏಂಜಲ್ಸ್’ ಎಂದು ಹೆಸರಿಟ್ಟಿತು. ಈ ನೆಲದ ದೇವತೆಗಳು ದುರಾಸೆಯವರು.

ನಷ್ಟ ಒಂದು ಮುಖ ಮಾತ್ರ. ಬಿಸಿಲೇರಿದಾಗ ಮದ್ಯ ಹಿಗ್ಗಿ ಮರದ ಎಳೆಗಳೊಳಗೆ ನುಗ್ಗುತ್ತದೆ, ರಾತ್ರಿ ತಂಪಾದಾಗ ಕುಗ್ಗಿ ಹೊರಬರುತ್ತದೆ. ಬರುವಾಗ ಮರದ ಸಾರವನ್ನು ಹೊತ್ತು ತರುತ್ತದೆ. ವೆನಿಲಾದ ಪರಿಮಳ ಕೊಡುವ ವೆನಿಲಿನ್, ಕೊಬ್ಬರಿಯ ವಾಸನೆ ಕೊಡುವ ಲ್ಯಾಕ್ಟೋನ್, ಲವಂಗದ ಯೂಜಿನಾಲ್, ನಾಲಿಗೆ ಒಗರಾಗಿಸುವ ಟ್ಯಾನಿನ್ ಎಲ್ಲವೂ ಓಕ್ ಮರದಿಂದಲೇ ಬರುತ್ತವೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಹತ್ತು ಹನ್ನೆರಡು ವರ್ಷ ಹಿಡಿಯುವ ಈ ಕೆಲಸ ಬೆಂಗಳೂರಿನಲ್ಲಿ ನಾಲ್ಕೈದು ವರ್ಷಕ್ಕೇ ಮುಗಿಯುತ್ತದೆ. ಅದಕ್ಕೂ ಮೀರಿ ಬಿಟ್ಟರೆ ಬಾರ್ಲಿಯ ರುಚಿ ಅಳಿದು ಮರದ ಕಹಿಯೇ ಗೆಲ್ಲುತ್ತದೆ. ಆದ್ದರಿಂದ ಬಾಟಲಿಯ ಮೇಲೆ 4 ಅಥವಾ 5 ಎಂದು ಬರೆದರೆ, ಸ್ಕಾಟ್ಲೆಂಡಿನ ಲೆಕ್ಕದಲ್ಲಿ ಓದುವ ಗಿರಾಕಿ ಅದನ್ನು ಎಳೆಯದೆಂದು ಪಕ್ಕಕ್ಕೆ ಸರಿಸುತ್ತಾನೆ. ಅಂಕಿ ನಿಜವನ್ನೇ ಹೇಳಿದರೂ ತಪ್ಪು ತಿಳಿವಳಿಕೆ ಕೊಡುತ್ತದೆ.

‘ಇಲ್ಲಿಯ ಒಂದು ವರ್ಷ ಅಲ್ಲಿಯ ಮೂರು ವರ್ಷಕ್ಕೆ ಸಮ’ ಎಂಬ ಮಾತು ವಿಸ್ಕಿ ಪ್ರಿಯರಲ್ಲಿ ಚಾಲ್ತಿಯಲ್ಲಿದೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಮರದಿಂದ ಸಾರ ಹೀರುವ ಕೆಲಸ ಬಿಸಿಲಿಗೆ ಬೇಗ ಆಗುತ್ತದೆ, ನಿಜ. ಆದರೆ ಮರದ ಮೂಲಕ ನುಸುಳುವ ಆಮ್ಲಜನಕದೊಡನೆ, ತನ್ನದೇ ಆಮ್ಲಗಳೊಡನೆ ಮದ್ಯ ನಿಧಾನವಾಗಿ ಮಾಗುವ ಕ್ರಿಯೆ ಅದೇ ಪ್ರಮಾಣದಲ್ಲಿ ಓಡುವುದಿಲ್ಲ. ಹಾಗಾಗಿ ಬೆಂಗಳೂರಿನ ಐದು ವರ್ಷ ಸ್ಕಾಟ್ಲೆಂಡಿನ ಹದಿನೈದನ್ನು ಕೊಡುವುದಿಲ್ಲ, ಬೇರೊಂದನ್ನು ಕೊಡುತ್ತದೆ. ಅಮೃತ್‌ನ ಗುಟುಕಿನಲ್ಲಿರುವ ದಟ್ಟ ಸಿಹಿ, ಖಾರ, ಮರದ ಗಟ್ಟಿ ಹಿಡಿತ ಇವೆಲ್ಲ ಬಿಸಿಲಿನ ಗುಣ. ಅದನ್ನು ‘ಸ್ಕಾಚಿಗೆ ಸಮ’ ಎಂದು ಹೊಗಳುವವರು ಅದಕ್ಕೆ ಸಲ್ಲಬೇಕಾದ ಗೌರವ ಕೊಡುತ್ತಿಲ್ಲ ಎಂದೇ ನನ್ನ ಭಾವನೆ. ಅಮೃತ್ ಬಳಸುವ ಪಂಜಾಬ್, ಹರಿಯಾಣ, ರಾಜಸ್ಥಾನಗಳ ಆರು ಸಾಲಿನ ತೆನೆಯ ಬಾರ್ಲಿಯೂ ಬೇರೆ. ಅದು ಸ್ಕಾಟ್ಲೆಂಡಿನ ಎರಡು ಸಾಲಿನ ಬಾರ್ಲಿಗಿಂತ ಕಾಳಿನಲ್ಲಿ ಚಿಕ್ಕದು, ಪ್ರೋಟೀನಿನಲ್ಲಿ ಹೆಚ್ಚು. ಟನ್ನಿಗೆ ಸಿಗುವ ಆಲ್ಕೋಹಾಲ್ ಕಡಿಮೆ. ಲಾಭದ ಲೆಕ್ಕದಲ್ಲಿ ಇದು ಕೊರತೆ, ರುಚಿಯ ಲೆಕ್ಕದಲ್ಲಿ ಸ್ವಂತಿಕೆ. ‘ಕದಂಬಂ’ ಎಂಬ ಮಾಲ್ಟ್‌ಗಾಗಿ ಅಮೃತ್‌ನವರು ಶೆರಿ ವೈನ್, ರಮ್ ಪೀಪಾಯಿಗಳ ಜೊತೆ ಬೆಂಗಳೂರು ಬ್ಲೂ ದ್ರಾಕ್ಷಿಯ ಬ್ರಾಂದಿ ಇಟ್ಟಿದ್ದ ಪೀಪಾಯಿಗಳನ್ನೂ ಬಳಸಿದರು. ಸ್ಕಾಟ್ಲೆಂಡಿನಲ್ಲಿ ಇಂಥದ್ದು ಯಾರಿಗೂ ಹೊಳೆಯುವಂತಿಲ್ಲ.

ನಮ್ಮ ಗದಗ ಸೀಮೆಯ ಒಣಹವೆಯಲ್ಲಿ ಪೀಪಾಯಿ ಇಟ್ಟರೆ ಏನಾದೀತು ಎಂದು ಯೋಚಿಸುವುದು ನನಗೆ ಇಷ್ಟ. ಉಗ್ರಾಣದ ಗಾಳಿ ತೇವವಾಗಿದ್ದರೆ ಪೀಪಾಯಿಯಿಂದ ಆಲ್ಕೋಹಾಲ್ ಹೆಚ್ಚು ಹೋಗುತ್ತದೆ, ಮದ್ಯದ ಕಾವು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಸ್ಕಾಟ್ಲೆಂಡಿನ ಕಥೆ ಅದು. ಗಾಳಿ ಒಣಗಿದ್ದರೆ ನೀರೇ ಮೊದಲು ಹೋಗುತ್ತದೆ, ಉಳಿದದ್ದರ ಕಾವು ಏರುತ್ತಾ ಹೋಗುತ್ತದೆ. ಶಿರಹಟ್ಟಿ, ಮುಂಡರಗಿಯ ಏಪ್ರಿಲ್ ಬಿಸಿಲು, ಕಪ್ಪತಗುಡ್ಡದ ಮೇಲಿಂದ ಬೀಸುವ ಗಾಳಿ ಸೇರಿದರೆ ಎರಡು ಮೂರು ವರ್ಷಕ್ಕೇ ಪೀಪಾಯಿ ತನ್ನ ಮಾತು ಮುಗಿಸಿಬಿಟ್ಟೀತು. ವಿಸ್ಕಿಯ ರುಚಿಯಲ್ಲಿ ಊರು ಇದೆ ಎಂದು ಹೇಳುವಾಗ ನಾನು ಉದ್ದೇಶಿಸುವುದು ಇದನ್ನೇ. ಗಾಳಿ ಎಷ್ಟು ಒಣಗಿದೆ, ಹಗಲು ರಾತ್ರಿಗಳ ನಡುವೆ ತಾಪ ಎಷ್ಟು ಏರಿಳಿಯುತ್ತದೆ ಎಂಬುದು ಬಾಟಲಿಯೊಳಗೆ ದಾಖಲಾಗಿರುತ್ತದೆ.

ಗದಗ ಜಿಲ್ಲೆಯ ಮಾಗಡಿಯಂಥ ಊರಿನಲ್ಲಿ ಕುಳಿತು ಮದ್ಯದ ರುಚಿಯನ್ನು ಕುರಿತು ಬರೆಯುವವನು ಇನ್ನೊಂದು ಸಂಗತಿಯನ್ನೂ ಬರೆಯಲೇಬೇಕು. ಸಾರಾಯಿ ಪ್ಯಾಕೆಟ್ಟು ಹೊಲದ ಕೂಲಿಯನ್ನೆಲ್ಲ ನುಂಗಿದ ಕಾಲವನ್ನು ಈ ಸೀಮೆ ಕಂಡಿದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಆ ಜಾಗಕ್ಕೆ ಅಗ್ಗದ ವಿಸ್ಕಿಯ ಚಿಕ್ಕ ಪ್ಯಾಕುಗಳು ಬಂದವು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕೆ ಒತ್ತಾಯಿಸಿ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ‘ನಿಮ್ಮ ದುಶ್ಚಟವನ್ನು ಇದಕ್ಕೆ ಹಾಕಿ’ ಎಂದು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಆ ಹೆಣ್ಣುಮಕ್ಕಳು ಕೇಳಿದ್ದು ನ್ಯಾಯ. ಆ ಜೋಳಿಗೆ ಉಳಿಸಿದ ಮನೆಗಳನ್ನು ಈ ಭಾಗದಲ್ಲಿ ಯಾರೂ ಮರೆತಿಲ್ಲ. ಯಾವ ಪ್ರಮಾಣದ ಮದ್ಯವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ದುಬಾರಿ ಬಾಟಲಿಗೆ ಇದರಿಂದ ವಿನಾಯಿತಿ ಇಲ್ಲ. ಕುಡಿಯದವರು ಈ ಲೇಖನ ಓದಿ ಶುರು ಮಾಡಬೇಕಿಲ್ಲ. ಕುಡಿಯುವವರಿಗೆ ನಾನು ಹೇಳುವುದಿಷ್ಟೇ. ಮಾಲ್ಟ್‌ನ ಮೋಹ ನಿಜವಾಗಿ ಹಿಡಿದರೆ ಕುಡಿಯುವ ಪ್ರಮಾಣ ಇಳಿಯಬೇಕು. ಇಳಿಯದಿದ್ದರೆ ಹಿಡಿದದ್ದು ಬೇರೇನೋ.

ಏಕೆಂದರೆ ಈ ಹವ್ಯಾಸದ ಹೆಚ್ಚಿನ ಪಾಲು ಇರುವುದು ಮೂಗಿನಲ್ಲಿ. ಡಿಸ್ಟಿಲರಿಗಳಲ್ಲಿ ಪೀಪಾಯಿ ಆರಿಸುವವರು ದಿನಕ್ಕೆ ಹತ್ತಾರು ಮಾದರಿಗಳನ್ನು ಮೂಸಿ ನೋಡುತ್ತಾರೆ, ಬಾಯಿಗೆ ಇಡುವುದು ಅಪರೂಪ. ಚಳಿಗಾಲದಲ್ಲಿ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತು ನೋಡಲು ಬರುವವರನ್ನು ನೆನೆಯಿರಿ. ಹೊಸಬರು ಬಂದೊಡನೆ ಎಷ್ಟು ಸಾವಿರ ಇವೆ ಎಂದು ಕೇಳುತ್ತಾರೆ, ಫೋಟೊ ತೆಗೆದು ಹೊರಟುಬಿಡುತ್ತಾರೆ. ಹಳಬರು ದಂಡೆಯ ಮೇಲೆ ಕುಳಿತೇ ಇರುತ್ತಾರೆ. ಸಂಜೆ ಹಕ್ಕಿಗಳು ಯಾವ ದಿಕ್ಕಿನ ಹೊಲಕ್ಕೆ ಮೇಯಲು ಏಳುತ್ತವೆ, ಬೆಳಿಗ್ಗೆ ಎಷ್ಟು ಹೊತ್ತಿಗೆ ನೀರಿಗೆ ಮರಳುತ್ತವೆ ಎಂಬುದು ಅವರಿಗೆ ತಿಳಿದಿರುತ್ತದೆ. ಮಾಲ್ಟ್‌ನ ಮುಂದೆಯೂ ಹಾಗೆ ಕೂರುವುದನ್ನು ಕಲಿಯಬೇಕು.

ಬಾಯಿ ಕಿರಿದಾದ, ಹೊಟ್ಟೆ ಅಗಲವಾದ ಚಿಕ್ಕ ಗ್ಲಾಸು ಬೇಕು, ಪರಿಮಳ ಅದರೊಳಗೆ ನಿಲ್ಲುತ್ತದೆ. ಮೂವತ್ತು ಎಂಎಲ್ ಸಾಕು. ಐಸ್ ಹಾಕಿದರೆ ತಂಪಿಗೆ ವಾಸನೆ ಏಳುವುದಿಲ್ಲ, ಸೋಡಾ ಹಾಕಿದರೆ ಅದರ ಗುಳ್ಳೆಗಳೇ ಮಾತಾಡುತ್ತವೆ. ಕೋಣೆಯ ಉಷ್ಣಾಂಶದ ಕುಡಿಯುವ ನೀರು ಕೆಲವು ಹನಿ ಹಾಕಬಹುದು, ಹಾಕಲೇಬೇಕು ಎಂದರೂ ಸರಿ. ನೀರು ಬೆರೆಸಿದರೆ ಒಳ್ಳೆಯ ವಿಸ್ಕಿ ಕೆಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಸ್ವೀಡನ್ನಿನ ಲಿನಿಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು, ಬ್ಯೋರ್ನ್ ಕಾರ್ಲ್‌ಸನ್ ಮತ್ತು ರಾನ್ ಫ್ರೀಡ್‌ಮನ್, 2017ರಲ್ಲಿ ಇದನ್ನು ಕಂಪ್ಯೂಟರ್ ಮಾದರಿಗಳಲ್ಲಿ ಪರೀಕ್ಷಿಸಿದರು. ಹೊಗೆಯ ಪರಿಮಳ ಕೊಡುವ ಗ್ವಾಯಕಾಲ್ ಎಂಬ ಅಣುವನ್ನು ಅವರು ಆರಿಸಿಕೊಂಡಿದ್ದರು. ಆಲ್ಕೋಹಾಲ್ ಶೇ 59ಕ್ಕಿಂತ ಹೆಚ್ಚಿದ್ದಾಗ ಆ ಅಣುವನ್ನು ಆಲ್ಕೋಹಾಲ್ ಸುತ್ತುವರಿದು ದ್ರವದ ಒಳಗೇ ಹಿಡಿದಿಡುತ್ತದೆ. ಶೇ 45ರವರೆಗೆ ತೆಳುವಾಗಿಸಿದಾಗ ಅದು ಮೇಲ್ಮೈಗೆ, ನಮ್ಮ ಮೂಗಿನ ಹತ್ತಿರಕ್ಕೆ ಬರುತ್ತದೆ. ಶೇ 50ರ ಫ್ಯೂಷನ್‌ಗೆ ನಾಲ್ಕು ಹನಿ ನೀರು ಬಿದ್ದು ಎರಡು ನಿಮಿಷ ಕಳೆದ ಮೇಲೆ ಮೂಸಿದರೆ ಈ ಮಾತು ಕಣ್ಣಿಗೆ ಕಟ್ಟುತ್ತದೆ.

ವಾಸನೆಗಳಿಗೆ ಹೆಸರು ಕೊಡುವ ಹಂತದಲ್ಲಿ ನಮ್ಮವರು ಅನೇಕರು ಹಿಂಜರಿಯುತ್ತಾರೆ. ವಿದೇಶಿ ಪುಸ್ತಕಗಳು ಹೆದರ್ ಹೂವು, ಕ್ರಿಸ್‌ಮಸ್ ಕೇಕು, ಗೂಸ್‌ಬೆರಿ ಎಂದು ಬರೆಯುತ್ತವೆ. ಕಂಡಿರದ ಹೂವಿನ ಪರಿಮಳ ಯಾರಿಗೆ ತಾನೆ ಸಿಕ್ಕೀತು? ಅವನ್ನು ಬದಿಗಿಟ್ಟು ನಮ್ಮ ಮನೆಯ, ಹೊಲದ ವಾಸನೆಗಳನ್ನೇ ಹುಡುಕಬೇಕು. ಅಮೆರಿಕದ ಬೂರ್ಬನ್ ವಿಸ್ಕಿ ಇಟ್ಟಿದ್ದ ಪೀಪಾಯಿಯ ಮಾಲ್ಟ್‌ನಲ್ಲಿ ಒಣಕೊಬ್ಬರಿ ಸಿಗುತ್ತದೆ, ಕುದಿಯುವ ಆಲೆಮನೆಯ ಬೆಲ್ಲ ಸಿಗುತ್ತದೆ. ಶೆರಿ ಪೀಪಾಯಿಯದ್ದರಲ್ಲಿ ಉತ್ತತ್ತಿ, ಹುಣಸೆ, ಹಳೆಯ ಸಾಗವಾನಿ ಪೆಟ್ಟಿಗೆ. ಹುರಿದ ಶೇಂಗಾ, ಒಣಮೆಣಸಿನಕಾಯಿಯ ಚೀಲ ಬಿಚ್ಚಿದಾಗಿನ ಘಾಟು, ಮೊದಲ ಮಳೆ ಬಿದ್ದ ಎರೆಭೂಮಿ, ಇವೆಲ್ಲ ನನಗೆ ಬೇರೆ ಬೇರೆ ಮಾಲ್ಟ್‌ಗಳಲ್ಲಿ ಸಿಕ್ಕಿವೆ. ನಿಮಗೆ ಬೇರೆಯದು ಸಿಗಬಹುದು. ವಾಸನೆ ನೆನಪಿನಿಂದ ಏಳುವಂಥದ್ದು, ಬೆಳವಲದಲ್ಲಿ ಬೆಳೆದವರ ನೆನಪು ಈ ಕೆಲಸಕ್ಕೆ ಯಾರದ್ದಕ್ಕೂ ಕಡಿಮೆಯಲ್ಲ.

ಹೊಗೆಯ ಮಾಲ್ಟ್‌ಗಳ ವಿಷಯ ಬೇರೆ. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಐಲಾ ದ್ವೀಪದಲ್ಲಿ ಉರುವಲಿಗೆ ಮರ ವಿರಳ, ಜೌಗಿನಲ್ಲಿ ಸಾವಿರಾರು ವರ್ಷ ಕೊಳೆತು ಪದರಗಟ್ಟಿದ ಪೀಟ್ ಮಣ್ಣೇ ಇಂಧನ. ಮೊಳಕೆಯ ಬಾರ್ಲಿಯನ್ನು ಅದರ ಹೊಗೆಯಲ್ಲಿ ಒಣಗಿಸಿದ್ದರಿಂದ ಲಫ್ರಾಯ್ಗ್, ಆರ್ಡ್‌ಬೆಗ್, ಲಗಾವೂಲಿನ್‌ಗಳಿಗೆ ಆಸ್ಪತ್ರೆಯ ಟಿಂಚರಿನ, ಸಮುದ್ರದ ಪಾಚಿಯ ವಾಸನೆ ಬಂದಿದೆ. ಮೊದಲ ಬಾರಿಗೆ ಮೂಸಿದವರು ಗ್ಲಾಸು ದೂರ ಸರಿಸುವುದು ಸಹಜ. ನಾನೂ ಸರಿಸಿದ್ದೆ, ಈಗ ನನಗೆ ಅತ್ಯಂತ ಪ್ರಿಯವಾದವು ಅವೇ.

ಮುಂದಿನ ವರ್ಷಗಳಲ್ಲಿ ಈ ಹವ್ಯಾಸ ನಮ್ಮ ಕಡೆ ಬೆಳೆಯುವ ಲಕ್ಷಣಗಳಿವೆ. 2022ರಲ್ಲಿ ಭಾರತ 21.9 ಕೋಟಿ ಬಾಟಲಿ ಸ್ಕಾಚ್ ಆಮದು ಮಾಡಿಕೊಂಡು ಪ್ರಮಾಣದಲ್ಲಿ ಫ್ರಾನ್ಸನ್ನು ಹಿಂದಿಕ್ಕಿತು. 2025ರ ಜುಲೈ 24ರಂದು ಸಹಿಯಾದ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದದಂತೆ ಸ್ಕಾಚ್ ಮೇಲಿನ ಶೇ 150ರ ಆಮದು ಸುಂಕ ಶೇ 75ಕ್ಕೆ, ಬಳಿಕ ಹತ್ತು ವರ್ಷಗಳಲ್ಲಿ ಶೇ 40ಕ್ಕೆ ಇಳಿಯಲಿದೆ. ರಾಜ್ಯದ ಅಬಕಾರಿ ತೆರಿಗೆ ಇದರ ಹೊರಗಿರುವುದರಿಂದ ಬೆಲೆ ಅರ್ಧವಾಗುತ್ತದೆ ಎಂದು ಯಾರೂ ನಂಬಬೇಕಿಲ್ಲ. ಇತ್ತ ಅಮೃತ್ ತೆರೆದ ದಾರಿಯಲ್ಲಿ ಪಾಲ್ ಜಾನ್, ರಾಂಪುರ್, ಇಂದ್ರಿ ಬಂದಿವೆ. ಪಾಲ್ ಜಾನ್ ಕಂಪನಿ ಬೆಂಗಳೂರಿನದೇ, ಅದರ ಮಾಲ್ಟ್ ಮಾಗುವುದು ಗೋವಾದ ಕಡಲ ತೇವದಲ್ಲಿ. ಬೆಂಗಳೂರಿನ ಒಣಗಾಳಿಯ ಮಾಲ್ಟ್ ಪಕ್ಕದಲ್ಲಿ ಅದನ್ನಿಟ್ಟು ಮೂಸಿದರೆ ಹವೆಯ ಪಾಠ ಒಂದೇ ಸಂಜೆಯಲ್ಲಿ ಆಗುತ್ತದೆ.

ಶುರು ಮಾಡುವವರು ಒಬ್ಬರೇ ಬಾಟಲಿ ಕೊಳ್ಳುವ ಬದಲು ನಾಲ್ಕೈದು ಮಂದಿ ಗೆಳೆಯರು ಸೇರಿ ಹಣ ಹಾಕುವುದು ಒಳ್ಳೆಯದು. ಖರ್ಚೂ ಹಂಚಿಹೋಗುತ್ತದೆ, ಯಾರೊಬ್ಬರ ಮನೆಯಲ್ಲೂ ಬಾಟಲಿ ದಿನನಿತ್ಯದ ಸಂಗಾತಿಯಾಗುವುದಿಲ್ಲ. ಮೊದಲನೆಯದು ಸ್ಕಾಟ್ಲೆಂಡಿನ ಸ್ಪೇಸೈಡ್ ಪ್ರದೇಶದ ಹೊಗೆಯಿಲ್ಲದ ಮಾಲ್ಟ್ ಇರಲಿ, ಗ್ಲೆನ್‌ಲಿವೆಟ್ ಅಥವಾ ಗ್ಲೆನ್‌ಫಿಡಿಕ್. ಎರಡನೆಯದು ಅಮೃತ್. ಎರಡನ್ನೂ ಅಕ್ಕಪಕ್ಕದ ಗ್ಲಾಸಿನಲ್ಲಿ ಸುರಿದು, ಊಟಕ್ಕೆ ಮುಂಚೆ, ಖಾರದ ಚಟ್ನಿ ನಾಲಿಗೆಗೆ ತಾಗುವ ಮೊದಲು ಮೂಸಿ ನೋಡಿ. ಐಲಾದ ಹೊಗೆಗೆ ಅವಸರ ಬೇಡ, ಅದು ಮೂರನೆಯದೋ ನಾಲ್ಕನೆಯದೋ ಆಗಲಿ. ತೆರೆದ ಬಾಟಲಿಯನ್ನು ನಿಲ್ಲಿಸಿಯೇ ಇಡಿ, ಮಲಗಿಸಿದರೆ ಬಿರಡೆ ಕೆಡುತ್ತದೆ. ಅರ್ಧಕ್ಕಿಂತ ಕೆಳಗಿಳಿದ ಮೇಲೆ ಒಳಗಿನ ಗಾಳಿಗೆ ಪರಿಮಳ ಮಂಕಾಗುವುದರಿಂದ ಉಳಿದದ್ದನ್ನು ಚಿಕ್ಕ ಸೀಸೆಗೆ ಬಗ್ಗಿಸಿ ಕತ್ತಲಿನ ಕಪಾಟಿನಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ.